ಕ್ಷಣಾರ್ಧದ ವಿಕಿರಣ: ಭರವಸೆ ಹಿರಿದು, ಪುರಾವೆ ಕಿರಿದು

ಗಡ್ಡೆಯನ್ನು ಸುಡುವ ಕಿರಣವೇ ಪಕ್ಕದ ಆರೋಗ್ಯವಂತ ಅಂಗಾಂಶವನ್ನೂ ಸುಡುತ್ತದೆ ಎಂಬುದು ವಿಕಿರಣ ಚಿಕಿತ್ಸೆಯ ಹಳೆಯ ಸಂಕಟ. ಆದ್ದರಿಂದಲೇ ಒಟ್ಟು ಪ್ರಮಾಣವನ್ನು ಹಂಚಿ, ಹಲವು ವಾರಗಳ ಕಾಲ ತುಸುತುಸುವೇ ನೀಡುವುದು ರೂಢಿ. ಹೆಚ್ಚಿನ ಪ್ರಮಾಣವನ್ನು ಒಂದು ಸೆಕೆಂಡಿಗಿಂತಲೂ ಕಡಿಮೆ ಅವಧಿಯಲ್ಲಿ ಹಾಯಿಸಿದರೆ ಹಾನಿ ತಗ್ಗೀತು ಎನ್ನುವ 'ಫ್ಲ್ಯಾಶ್' ವಿಧಾನ ಈ ರೂಢಿಯನ್ನೇ ಪ್ರಶ್ನಿಸಿದೆ.

2014ರಲ್ಲಿ ಫ್ರಾನ್ಸಿನ ಕ್ಯೂರಿ ಸಂಸ್ಥೆಯ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗ ಈ ಚರ್ಚೆಗೆ ನಾಂದಿ ಹಾಡಿತು. ಸಾಮಾನ್ಯ ಯಂತ್ರಗಳು ನಿಮಿಷಕ್ಕೆ ಕೆಲವೇ ಗ್ರೇ ವಿಕಿರಣ ನೀಡಿದರೆ, ಇಲ್ಲಿನ ವೇಗ ಸೆಕೆಂಡಿಗೆ 40 ಗ್ರೇ ಮತ್ತು ಅದಕ್ಕೂ ಮೇಲೆ. ಗಡ್ಡೆಯ ಮೇಲಿನ ಪರಿಣಾಮ ಕುಗ್ಗಲಿಲ್ಲ. ಶ್ವಾಸಕೋಶಕ್ಕೆ ಆಗುವ ಹಾನಿ ಮಾತ್ರ ಗಣನೀಯವಾಗಿ ಇಳಿಯಿತು.

ಅಲ್ಲಿ ಬಳಕೆಯಾದ ಎಲೆಕ್ಟ್ರಾನ್ ಕಿರಣ ದೇಹದ ಆಳಕ್ಕೆ ಇಳಿಯದು. ಹಾಗಾಗಿ ಗಮನ ಪ್ರೋಟಾನ್‌ನತ್ತ ಹೊರಳಿತು. 2020ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಆರಂಭವಾದ 'ಫಾಸ್ಟ್-01' ಪರೀಕ್ಷೆಯಲ್ಲಿ, ಕೈಕಾಲಿನ ಮೂಳೆಗಳಿಗೆ ಕ್ಯಾನ್ಸರ್ ಹರಡಿದ್ದ 10 ರೋಗಿಗಳಿಗೆ ಒಂದೇ ಬಾರಿಗೆ 8 ಗ್ರೇ ನೀಡಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಚಿಕಿತ್ಸೆಗೊಳಗಾದ 12 ಭಾಗಗಳ ಪೈಕಿ 8ರಲ್ಲಿ ನೋವು ಶಮನವಾಯಿತು.

ಆದರೆ ಇದನ್ನು ಗೆಲುವೆಂದು ಘೋಷಿಸುವುದು ಅವಸರವಾದೀತು. ಮೂಳೆನೋವಿಗೆ 8 ಗ್ರೇ ನೀಡುವ ಪದ್ಧತಿ ಮೊದಲಿನಿಂದಲೂ ಇದೆ. ವಿಧಾನವನ್ನು ಮನುಷ್ಯರ ಮೇಲೆ ಬಳಸಬಹುದು ಎಂಬುದನ್ನು ಈ ಪರೀಕ್ಷೆ ತೋರಿಸಿತೇ ಹೊರತು, ಆರೋಗ್ಯವಂತ ಅಂಗಾಂಶ ಉಳಿಯುತ್ತದೆ ಎಂಬುದನ್ನಲ್ಲ. ಇನ್ನೂ ಒಂದು ವಿಪರ್ಯಾಸವುಂಟು. ನಿಗದಿತ ಆಳದಲ್ಲಿ ಶಕ್ತಿ ಸುರಿದು ಅಲ್ಲೇ ನಿಲ್ಲುವುದು ಪ್ರೋಟಾನ್‌ನ ಹಿರಿಮೆ. ಈ ಪರೀಕ್ಷೆಯಲ್ಲಿ ವೇಗಕ್ಕಾಗಿ ಕಿರಣವನ್ನು ದೇಹದ ಆಚೆಗೇ ಹಾಯಿಸಬೇಕಾಯಿತು. ಅಂದರೆ ಆ ಹಿರಿಮೆಯನ್ನೇ ಬಿಟ್ಟುಕೊಡಬೇಕಾಯಿತು. ಇನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಚಿಕಿತ್ಸೆಯಲ್ಲಿ ತಪ್ಪು ನುಸುಳಿದರೆ ತಿದ್ದಲು ಅವಕಾಶವೆಲ್ಲಿ? ಅಂಗಾಂಶ ಏಕೆ ಪಾರಾಗುತ್ತದೆ ಎಂಬುದಕ್ಕೂ ಆಮ್ಲಜನಕದ ಕೊರತೆ ಸೇರಿದಂತೆ ಹಲವು ವಾದಗಳಿವೆ, ಒಮ್ಮತವಿಲ್ಲ.

ಭಾರತದ ಮೊದಲ ಪ್ರೋಟಾನ್ ಕೇಂದ್ರ 2019ರಲ್ಲಿ ಚೆನ್ನೈನಲ್ಲಿ ಆರಂಭವಾಯಿತು. ಸಾಮಾನ್ಯ ವೇಗದ ಪ್ರೋಟಾನ್ ಚಿಕಿತ್ಸೆಯೇ ಮಧ್ಯಮ ವರ್ಗದ ಕುಟುಂಬಗಳ ಕೈಗೆಟುಕದಷ್ಟು ದುಬಾರಿ. ಹೀಗಿರುವಾಗ ಪ್ರಯೋಗದ ಹಂತದಲ್ಲಿರುವ ವಿಧಾನವನ್ನು ಕಾಯುತ್ತಾ, ಕೈಯಲ್ಲಿರುವ ಚಿಕಿತ್ಸೆಯನ್ನು ಮುಂದೂಡುವುದು ರೋಗಿಗೆ ಅಪಾಯಕಾರಿ. ಕಿರಣದ ವೇಗ ಎಷ್ಟೇ ಇರಲಿ, ಪುರಾವೆಗೆ ಅದರದೇ ಆದ ಕಾಲ ಬೇಕು.