ಪಂಚೆ ತಡೆದದ್ದು ಸೆಕ್ಯುರಿಟಿ ಹುಡುಗ ಅಲ್ಲ

ಕೊಬ್ಬರಿ ಅಟ್ಟದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರ. ಇವತ್ತು ಮಾಲ್ ವಿಷಯ. ಮಾಗಡಿ ರಸ್ತೆಯ ಆ ಹಳೇ ವಿಡಿಯೋ ಮತ್ತೆ ನಮ್ಮ ಹೋಬಳಿಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡ್ತಿದೆ. ಕೆಳಗೆ ಯಾರೋ ದಪ್ಪಕ್ಷರದಲ್ಲಿ "ರೈತ ಗೆದ್ದ" ಅಂತ ಹಾಕಿದ್ದಾರೆ. ಏನು ಗೆದ್ದ ಅಂತ ಕೇಳೋಣ ಅನ್ನಿಸ್ತು.

ಮರೆತವರಿಗೆ ಹೇಳ್ತೀನಿ. 2024ರ ಜುಲೈ 16. ಹಾವೇರಿ ಕಡೆಯ ಹಿರಿಯ ರೈತರು, ಬಿಳಿ ಅಂಗಿ, ಪಂಚೆ, ತಲೆಗೆ ಪೇಟ. ಮಗ ಸಿನಿಮಾ ತೋರಿಸೋಣ ಅಂತ ಬೆಂಗಳೂರಿನ ಜಿ.ಟಿ. ವರ್ಲ್ಡ್ ಮಾಲ್‌ಗೆ ಕರಕೊಂಡು ಹೋದ. ಟಿಕೆಟ್ ಇತ್ತು. ಬಾಗಿಲಲ್ಲೇ ತಡೆದರು: ಪಂಚೆ ಉಟ್ಟವರನ್ನ ಬಿಡಲ್ಲ, ಪ್ಯಾಂಟ್ ಹಾಕ್ಕೊಂಡು ಬನ್ನಿ. ಮಾರನೇ ದಿನ ಜನ ಪಂಚೆ ಉಟ್ಟುಕೊಂಡೇ ಹೋಗಿ ಬಾಗಿಲ ಮುಂದೆ ಕೂತರು. ಮಾಲ್‌ನವರು ಕ್ಷಮೆ ಕೇಳಿದರು, ಸನ್ಮಾನ ಮಾಡಿದರು. 18ನೇ ತಾರೀಕು ಸಚಿವ ಬೈರತಿ ಸುರೇಶ್ ವಿಧಾನಸಭೆಯಲ್ಲಿ ಎದ್ದು ನಿಂತು, ಏಳು ದಿನ ಮಾಲ್ ಮುಚ್ಚಿಸ್ತೀವಿ ಅಂದರು.

ಅದೇ ಹೊತ್ತಿಗೆ 1.78 ಕೋಟಿ ರೂಪಾಯಿ ಆಸ್ತಿ ತೆರಿಗೆ ಬಾಕಿಯ ಲೆಕ್ಕವೂ ಹೊರಗೆ ಬಿತ್ತು. ನಮ್ಮ ಪಂಚೆಗೆ ತೆರಿಗೆ ಫೈಲು ತೆಗೆಸೋ ಶಕ್ತಿ ಇದೆ ಅಂತ ಆವತ್ತೇ ಗೊತ್ತಾಗಿದ್ದು. ಸೊಸೈಟಿ ಸಾಲ ಒಂದು ಕಂತು ತಪ್ಪಿದರೆ ನಮ್ಮ ಮನೆ ಬಾಗಿಲಿಗೆ ನೋಟಿಸ್ ಬರೋಕೆ ಯಾರ ಪಂಚೆಯೂ ಬೇಕಾಗಿಲ್ಲ, ಬಿಡಿ.

ಈಗ ಆ ರಸ್ತೆ ನೋಡಿ. ಮಾಗಡಿ ರಸ್ತೆಯಲ್ಲಿ ಟೋಲ್‌ಗೇಟ್ ಅಂತ ಒಂದು ಸ್ಟಾಪ್ ಇದೆ, ಇನ್ನೂ ಮುಂದೆ ಹೋದರೆ ಸುಂಕದಕಟ್ಟೆ. ಹೆಸರೇ ಹೇಳುತ್ತೆ, ಊರೊಳಗೆ ಬರೋ ಮಾಲಿಗೆ ಸುಂಕ ಕಟ್ಟಿಸಿಕೊಳ್ಳುತ್ತಿದ್ದ ಜಾಗ. ಸುಂಕದವನು ಗಾಡಿಯಲ್ಲಿ ಏನಿದೆ ಅಂತ ಕೇಳ್ತಿದ್ದ, ಗಾಡಿ ಹೊಡೆಯೋನು ಏನು ಉಟ್ಟಿದ್ದಾನೆ ಅಂತ ಕೇಳೋದು ಅವನ ಕೆಲಸ ಆಗಿರಲಿಲ್ಲ. ಇವತ್ತು ಅದೇ ಸುಂಕದಕಟ್ಟೆ, ಲಗ್ಗೆರೆ ಕಡೆ ಬಾಡಿಗೆ ರೂಮುಗಳಲ್ಲಿ ನಮ್ಮ ಹಾಸನ, ಮಂಡ್ಯ, ತುಮಕೂರಿನ ಹುಡುಗರೇ ತುಂಬಿದ್ದಾರೆ. ಅಪ್ಪಂದಿರು ನೋಡೋಕೆ ಹೋಗ್ತಾರೆ, ಪಂಚೆಯಲ್ಲೇ ಹೋಗ್ತಾರೆ.

ಬೆಂಗಳೂರಿನ ಮಾಲ್‌ಗಳ ಇತಿಹಾಸ ಬಹಳ ಉದ್ದ ಏನಿಲ್ಲ. ಕೋರಮಂಗಲದ ಫೋರಂ ಬಂದಿದ್ದು 2004ರಲ್ಲಿ. ಸಂಪಿಗೆ ರಸ್ತೆಯ ಮಂತ್ರಿ ಮಾಲ್ 2010ರಲ್ಲಿ, ಅದು ರಾಜಾ ಮಿಲ್ ಇದ್ದ ಜಾಗ. ಓರಾಯನ್ ನಿಂತಿರೋದು ಕಿರ್ಲೋಸ್ಕರ್ ಕಾರ್ಖಾನೆಯ ನೆಲದ ಮೇಲೆ. ಬಿನ್ನಿ ಮಿಲ್ ಜಾಗದಲ್ಲೂ ಮಾಲ್. ಹಳ್ಳಿಯಿಂದ ಪಂಚೆಯಲ್ಲಿ ಬಂದವನನ್ನು ಮಿಲ್ ಒಳಗೆ ಕರಕೊಳ್ತಿತ್ತು, ಕೆಲಸ ಕೊಡ್ತಿತ್ತು. ಸಂಘ ಇತ್ತು, ಜಗಳ ಮಾಡೋಕೆ ಒಂದು ಗೇಟ್ ಇತ್ತು. ಅದೇ ನೆಲದಲ್ಲಿ ಇವತ್ತು ಹಳ್ಳಿ ಹುಡುಗನಿಗೆ ಸಿಗೋ ಕೆಲಸ ಯಾವುದು? ಏಜೆನ್ಸಿ ಮೂಲಕ, ಬಾಗಿಲಲ್ಲಿ ನಿಲ್ಲೋದು. ಅಂದರೆ ಪಂಚೆ ಉಟ್ಟವನ ಮಗನನ್ನೇ ಪಂಚೆ ತಡೆಯೋಕೆ ನಿಲ್ಲಿಸಿದ್ದಾರೆ.

ನನ್ನ ತಕರಾರು ಇರೋದು ಇಲ್ಲೇ. ಏಳು ದಿನ ಬೀಗ ಹಾಕಿದರೆ ಮೊದಲು ಪೆಟ್ಟು ಬೀಳೋದು ಯಾರಿಗೆ? ಕಸ ಗುಡಿಸೋ ಹೆಣ್ಣುಮಕ್ಕಳಿಗೆ, ಅಂಗಡಿ ಹುಡುಗರಿಗೆ. ಅದೇ ವರ್ಷ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ಸ್ಟೇಷನ್‌ನಲ್ಲಿ ತಲೆ ಮೇಲೆ ಗಂಟು ಹೊತ್ತ ರೈತನನ್ನ ಬಟ್ಟೆ ಕೊಳಕು ಅಂತ ತಡೆದಾಗಲೂ ಹೀಗೇ ಆಯ್ತು. ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ ಹೋಯ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಥವರನ್ನ ಬಿಡಬೇಡ ಅಂತ ಅವರಿಗೆ ಕಲಿಸಿದ್ದು ಯಾರು? ಕಾಗದದ ಮೇಲೆ ಬರೆದು ಕೊಟ್ಟಿದ್ದರಾ, ಬಾಯಿಮಾತಾ? ಅದನ್ನ ಕೆದಕೋಕೆ ಯಾರಿಗೂ ಪುರುಸೊತ್ತಿಲ್ಲ.

ಸಂವಿಧಾನದ 15ನೇ ವಿಧಿ ಎರಡನೇ ಖಂಡ ಓದಿ ನೋಡಿ. ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಯಾರನ್ನೂ ತಡೆಯೋ ಹಾಗಿಲ್ಲ ಅಂತ ಇದೆ. ಬಟ್ಟೆ ಅನ್ನೋ ಪದ ಆ ಪಟ್ಟಿಯಲ್ಲಿಲ್ಲ. ಬಾಗಿಲಲ್ಲಿ ನಿಂತವನು ನಿನ್ನ ಜಾತಿ ಯಾವುದು, ಯಾವ ಹಳ್ಳಿ, ಜೇಬಲ್ಲಿ ಎಷ್ಟಿದೆ ಅಂತ ಕೇಳೋಕಾಗಲ್ಲ. ಪಂಚೆ ನೋಡಿ ಅಂದಾಜು ಮಾಡಬಹುದು. ಆದರೆ ಎಲ್ಲಾ ಪಂಚೆಗೂ ಈ ಕಾಟ ಇಲ್ಲ. ನಮ್ಮ ಪಕ್ಕದ ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯವರು 1996ರಲ್ಲಿ ಪಂಚೆಯಲ್ಲೇ ಪ್ರಧಾನಿ ಕುರ್ಚಿ ಮೇಲೆ ಕೂತರು. ಮಾಲ್ ಮುಚ್ಚಿಸಿದ ಸರ್ಕಾರದ ಮುಖ್ಯಮಂತ್ರಿಯೂ ಪಂಚೆಯವರೇ. ಇಸ್ತ್ರಿ ಮಾಡಿದ ಪಂಚೆ, ಹಿಂದೆ ಎಸ್ಕಾರ್ಟ್ ಕಾರು. ಯಾವ ಮಾಲ್ ತಡೆಯುತ್ತೆ?

ಇನ್ನೊಂದು ಮಾತು, ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ. ಬಾಗಿಲಲ್ಲಿ ತಡೆಯೋದನ್ನ ಮಾಲ್‌ನವರು ಕಂಡುಹಿಡಿದಿದ್ದಲ್ಲ. 2021ರಲ್ಲಿ ನಮ್ಮ ಚನ್ನರಾಯಪಟ್ಟಣ ತಾಲೂಕಿನ ದಿಂಡಗೂರಿನಲ್ಲಿ ದಲಿತರು ಗುಡಿಯೊಳಗೆ ಕಾಲಿಡೋಕೆ ಅಧಿಕಾರಿಗಳು ಮುಂದೆ ನಿಲ್ಲಬೇಕಾಯ್ತು. ಪಂಚೆಗೆ ಅವಮಾನ ಅಂತ ಸ್ಟೇಟಸ್ ಹಾಕಿದವರಲ್ಲಿ ಎಷ್ಟು ಜನ ಆಗ ಒಂದು ಸಾಲು ಬರೆದಿದ್ದರು? ಮಾಲ್ ಬಾಗಿಲು ನಮಗೆಲ್ಲ ತೆರೆಯಬೇಕು ಅನ್ನೋನು ಊರ ಗುಡಿ ಬಾಗಿಲ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ, ಅವನ ಸಿಟ್ಟು ತಡೆದದ್ದಕ್ಕಲ್ಲ, ತನ್ನನ್ನೂ ತಡೆದರಲ್ಲ ಅಂತ.

ಹಾಗಾಗಿ ಬೀಗ, ಹಾರ, ಶಾಲು ಇವು ಸಾಕು. ಮಾಲ್‌ಗೆ ಲೈಸೆನ್ಸ್ ಕೊಡೋ ಷರತ್ತಿನಲ್ಲೇ ಇರಲಿ: ಬಟ್ಟೆ ನೋಡಿ ತಡೆದರೆ ದಂಡ ಮಾಲೀಕನಿಗೆ, ಬಾಗಿಲಲ್ಲಿ ನಿಂತವನಿಗಲ್ಲ. ಅದೇ ಮಾತು ಬಾಗಿಲ ಪಕ್ಕ ದೊಡ್ಡ ಕನ್ನಡ ಅಕ್ಷರದಲ್ಲಿ ಬೋರ್ಡ್ ಆಗಲಿ, ಸೇಲ್ ಬೋರ್ಡ್ ಎಷ್ಟು ದೊಡ್ಡದಿರುತ್ತೋ ಅಷ್ಟು ದೊಡ್ಡದು.

ನುಗ್ಗೇಹಳ್ಳಿ ಸುತ್ತಮುತ್ತಲ ಹುಡುಗರು ಯಾರಾದರೂ ಬೆಂಗಳೂರಲ್ಲಿ ಈ ಕೆಲಸದಲ್ಲಿದ್ದರೆ ನನಗೆ ಮೆಸೇಜ್ ಮಾಡಿ. ಯಾರನ್ನ ಬಿಡಬೇಕು, ಯಾರನ್ನ ಬಿಡಬಾರದು ಅಂತ ಕೆಲಸಕ್ಕೆ ಸೇರಿದ ದಿನ ನಿಮಗೆ ಏನು ಹೇಳಿದರು? ಹೆಸರು ಹಾಕಲ್ಲ.