ಎಣ್ಣೆಗೆ ನೀರು ಸೇರಿದ್ದನ್ನೂ ಇಂಗ್ಲಿಷಿನಲ್ಲೇ ತಿಳಿಯಬೇಕೆ?

ಕನ್ನಡದ ತರುಣರೇ,

ಅಂಗಡಿಯ ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ನಾವು ಮುಂದು. ಬ್ಯಾಂಕಿನ ಚಲನ್ ಕನ್ನಡದಲ್ಲಿಲ್ಲವೆಂದು ಕೌಂಟರಿನ ಮುಂದೆ ಗುಡುಗಲೂ ಮುಂದು. ಬೇಡ ಎನ್ನುವುದಿಲ್ಲ, ಗುಡುಗಲೇಬೇಕು. ಆದರೆ ಕನ್ನಡ ನಾಡು ಮೆಜೆಸ್ಟಿಕ್‌ನಲ್ಲಿ ಹುಟ್ಟಿ ಎಂ.ಜಿ. ರಸ್ತೆಯಲ್ಲಿ ಮುಗಿಯುವುದಿಲ್ಲ ಸ್ವಾಮಿ! ಕಾರವಾರದಿಂದ ತಲಪಾಡಿಯವರೆಗೆ ಸುಮಾರು 320 ಕಿಲೋಮೀಟರ್ ಕಡಲ ತೀರವಿದೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ ಬಂದರುಗಳಿಂದ ಬೋಟುಗಳು ಕಡಲಿಗೆ ಇಳಿಯುತ್ತವೆ. ಒಂದೊಂದರ ಹೊಟ್ಟೆಯಲ್ಲೂ ಒಂದು ಡೀಸೆಲ್ ಎಂಜಿನ್. ಆ ಎಂಜಿನ್ನಿನ ಜೊತೆ ಬಂದ ಪುಸ್ತಕ ಯಾವ ಭಾಷೆಯಲ್ಲಿದೆ? ಒಮ್ಮೆ ಹೋಗಿ ತೆರೆದು ನೋಡಿ. ಕನ್ನಡದ ಒಂದು ಪುಟ ಸಿಕ್ಕಿದರೆ ಭಾಗ್ಯ.

ಅಲ್ಲಿಯ ಮೀನುಗಾರರು ಮನೆಯಲ್ಲಿ ತುಳು ಆಡುತ್ತಾರೆ, ಕೊಂಕಣಿ ಆಡುತ್ತಾರೆ, ಕುಂದಾಪುರದ ಕನ್ನಡ ಆಡುತ್ತಾರೆ. ಆದರೆ ಹೆಚ್ಚಿನವರು ಓದಲು ಕಲಿತದ್ದು ಕನ್ನಡ ಅಕ್ಷರವನ್ನು. ಆ ಅಕ್ಷರ ಎಂಜಿನ್ ಕೋಣೆಯೊಳಗೆ ಕಾಲಿಡಬಾರದೇ? ಯಾರು ಹಾಕಿದ ಬಹಿಷ್ಕಾರ ಇದು?

ಕೇಳಿದರೆ ಸಿದ್ಧ ಉತ್ತರವೊಂದಿದೆ: “ತಾಂತ್ರಿಕ ವಿಷಯ ಕನ್ನಡದಲ್ಲಿ ಹೇಳಲಾಗದು.” ಹೇಳಲಾಗದೇ? ಇಗೋ, ಇಲ್ಲೇ ಹೇಳಿ ತೋರಿಸುತ್ತೇನೆ. ವಿಷಯ: ಬೋಟಿನ ಎಂಜಿನ್ ಎಣ್ಣೆಗೆ ನೀರು ಸೇರುವುದು. ಓದಿ, ಎಲ್ಲಿ ಅರ್ಥವಾಗಲಿಲ್ಲವೋ ಬೆರಳಿಟ್ಟು ತೋರಿಸಿ!

ಹಾಲಾಗುವ ಎಣ್ಣೆ

ಎಂಜಿನ್ ನಿಲ್ಲಿಸಿ, ಅಳತೆಕಡ್ಡಿ ಎಳೆಯಿರಿ. ಬಳಸಿದ ಡೀಸೆಲ್ ಎಂಜಿನ್ನಿನ ಎಣ್ಣೆ ಕಪ್ಪಗಿರುತ್ತದೆ. ಅದು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಎಣ್ಣೆಯೂ ನೀರೂ ಕಡೆದು ಒಂದಾಗಿವೆ. ಆಫ್‌ಸೆಟ್ ಯಂತ್ರದಲ್ಲಿ ನೀರು ಹೆಚ್ಚಾಗಿ ಇಂಕು ಕೆಟ್ಟುದನ್ನು ನೋಡಿದ ನಮ್ಮಂಥ ಪ್ರೆಸ್ಸಿನವರಿಗೆ ಇದು ಹೊಸತಲ್ಲ.

ಎಣ್ಣೆ ಸುರಿಯದೆಯೇ ಕಡ್ಡಿಯಲ್ಲಿ ಮಟ್ಟ ಏರಿದೆಯೇ? ಆಗಲೂ ಅನುಮಾನಪಡಿ. ಆದರೆ ಒಂದು ಎಚ್ಚರಿಕೆ: ಡೀಸೆಲ್ ಸೋರಿ ಎಣ್ಣೆಗೆ ಇಳಿದರೂ ಮಟ್ಟ ಏರುತ್ತದೆ. ಆಗ ಎಣ್ಣೆ ತೆಳ್ಳಗಾಗಿ ಡೀಸೆಲ್ ವಾಸನೆ ಹೊಡೆಯುತ್ತದೆ, ಹಾಲಿನ ಬಣ್ಣಕ್ಕೆ ತಿರುಗುವುದಿಲ್ಲ. ಇನ್ನು ಎಣ್ಣೆ ಸುರಿಯುವ ಮುಚ್ಚಳದ ಒಳಗೆ ಮಾತ್ರ ಬೆಣ್ಣೆಯಂಥ ನೊರೆ ಇದ್ದು, ಕಡ್ಡಿಯ ಎಣ್ಣೆ ಶುದ್ಧವಾಗಿದ್ದರೆ ಗಾಬರಿ ಬೇಡ. ಎಂಜಿನ್ ಬಿಸಿಯೇರುವ ಮೊದಲೇ ಪದೇ ಪದೇ ನಿಲ್ಲಿಸಿದರೆ ಒಳಗಿನ ಗಾಳಿಯ ತೇವ ಹಾಗೆ ಕೂಡುತ್ತದೆ. ಆದರೂ ಅದರ ಮೇಲೆ ಕಣ್ಣಿಡಬೇಕು.

ಇನ್ನೂ ಅನುಮಾನವೇ? ಒಂದು ತಗಡನ್ನು ಚೆನ್ನಾಗಿ ಕಾಯಿಸಿ, ಎರಡು ಹನಿ ಎಣ್ಣೆ ಬಿಡಿ. ಶುದ್ಧ ಎಣ್ಣೆ ಸದ್ದಿಲ್ಲದೆ ಹರಡುತ್ತದೆ. ನೀರಿದ್ದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತದೆ. ಡೀಸೆಲ್ ಟ್ಯಾಂಕಿನಿಂದ ದೂರ, ಮುಖವನ್ನೂ ದೂರ ಇಟ್ಟು ಮಾಡಬೇಕು. ಬಹಳ ನೀರಿದ್ದರೆ ರಾತ್ರಿಯಿಡೀ ಎಂಜಿನ್ ಅಲುಗಾಡಿಸದೆ ಬಿಟ್ಟು, ಬೆಳಿಗ್ಗೆ ತಳದ ಬಿರಡೆಯನ್ನು ತುಸು ಸಡಿಲಿಸಿ. ಎಣ್ಣೆಗಿಂತ ನೀರು ಭಾರ, ಅದೇ ಮೊದಲು ತೊಟ್ಟಿಕ್ಕುತ್ತದೆ.

ಸಿಹಿಯೋ ಉಪ್ಪೋ?

ನೀರು ಸೇರಿದೆ, ಸರಿ. ಯಾವ ನೀರು? ಇದೇ ಮುಖ್ಯ ಪ್ರಶ್ನೆ. ಎಂಜಿನ್ನನ್ನು ತಂಪಾಗಿಡುವ ಸಿಹಿನೀರಿನ ಟ್ಯಾಂಕಿನಲ್ಲಿ ಮಟ್ಟ ದಿನದಿನಕ್ಕೆ ಇಳಿಯುತ್ತಿದ್ದರೆ, ಸಾಮಾನ್ಯವಾಗಿ ದೋಷ ಹೆಡ್ ಗ್ಯಾಸ್ಕೆಟ್‌ನಲ್ಲಿ, ಲೈನರಿನ ರಬ್ಬರ್ ಬಳೆಯಲ್ಲಿ ಅಥವಾ ಬಿರುಕು ಬಿಟ್ಟ ಹೆಡ್ಡಿನಲ್ಲಿ. ಉಪ್ಪುನೀರಾದರೆ ದಾರಿ ಬೇರೆ: ತೂತುಬಿದ್ದ ಆಯಿಲ್ ಕೂಲರ್, ಸವೆದ ನೀರಿನ ಪಂಪಿನ ಸೀಲ್. ಹೊಗೆಯ ಜೊತೆ ಕಡಲ ನೀರನ್ನೂ ಹೊರಹಾಕುವ ಸೈಲೆನ್ಸರ್ ಇರುವ ಬೋಟಿನಲ್ಲಿ, ಎಂಜಿನ್ ಹತ್ತದಿದ್ದರೂ ಸ್ಟಾರ್ಟರ್ ತಿರುಗಿಸುತ್ತಲೇ ಇದ್ದರೆ ಸೈಲೆನ್ಸರ್ ತುಂಬಿ ನೀರು ಹಿಂದಕ್ಕೆ ಸಿಲಿಂಡರಿಗೇ ನುಗ್ಗುತ್ತದೆ.

ಉಪ್ಪೋ ಸಿಹಿಯೋ ತಿಳಿಯುವುದು ಹೇಗೆ? ಪಿ.ಯು.ಸಿ. ವಿಜ್ಞಾನ ಓದಿದ ಹುಡುಗರೇ, ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟ್ ಹನಿ ಬಿಟ್ಟದ್ದು ನೆನಪಿದೆಯೇ? ತಳದಿಂದ ಬಂದ ನೀರಿಗೆ ಅದೇ ಹನಿ ಬಿಟ್ಟು ನೋಡಿ. ಕಡಲ ನೀರಾದರೆ ಮೊಸರಿನಂಥ ದಟ್ಟ ಬಿಳಿ ಗಸಿ ಕೂಡುತ್ತದೆ. ನೀವು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದು ಅಲ್ಲೊಬ್ಬನ ಎಂಜಿನ್ ಉಳಿಸಬಲ್ಲದು!

ನೀರು ಸೇರಿದ್ದು ಖಚಿತವಾದ ಮೇಲೆ ಎಂಜಿನ್ ಚಾಲೂ ಮಾಡಲೇಬಾರದು. ಬೇರಿಂಗನ್ನು ಕಾಯುವುದು ಎಣ್ಣೆಯ ತೆಳುಪೊರೆ. ನೀರು ಆ ಪೊರೆಯನ್ನು ಕೆಡಿಸುತ್ತದೆ, ಲೋಹ ಲೋಹವನ್ನು ತಿನ್ನುತ್ತದೆ. ಸಿಲಿಂಡರಿನಲ್ಲೇ ನೀರು ನಿಂತಿದ್ದರೆ ಇನ್ನೂ ಘೋರ. ಗಾಳಿಯಂತೆ ನೀರು ಕುಗ್ಗದು, ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಇಂಜೆಕ್ಟರ್ ಬಿಚ್ಚಿ, ಕೈಯಿಂದ ಎಂಜಿನ್ ತಿರುಗಿಸಿ ನೀರು ಹೊರಹಾಕಬೇಕು. ಮೊದಲು ಕಾರಣ ಹುಡುಕಿ ಸರಿಪಡಿಸಿ, ಆಮೇಲೆ ಎಣ್ಣೆ, ಫಿಲ್ಟರ್ ಬದಲಿಸಿ. ಸ್ವಲ್ಪ ಹೊತ್ತು ಓಡಿಸಿ ಮತ್ತೆ ಬದಲಿಸಿ, ಎಣ್ಣೆ ತಿಳಿಯಾಗುವವರೆಗೂ. ಉಪ್ಪುನೀರಾದರೆ ನಾಳೆಗೆ ಇಡಬೇಡಿ, ತುಕ್ಕು ಕಾಯುವುದಿಲ್ಲ.

ಯಾವ ಪದ ಕಡಿಮೆಬಿತ್ತು?

ಆಯಿತೇ? ಹೇಳಿದೆನೋ ಇಲ್ಲವೋ? ಎಲ್ಲಿ ನಿಂತಿತು ಕನ್ನಡ? ಗ್ಯಾಸ್ಕೆಟ್ ಅನ್ನು ಗ್ಯಾಸ್ಕೆಟ್ ಎಂದೇ ಕರೆದೆ, ಏಕೆಂದರೆ ಬಂದರಿನ ಮೆಕ್ಯಾನಿಕ್ಕೂ ಹಾಗೆಯೇ ಕರೆಯುತ್ತಾನೆ. ಗ್ಯಾಸ್ಕೆಟ್ಟಿಗೆ ಸಂಸ್ಕೃತದಿಂದ ಮಾರುದ್ದದ ಪದ ಹೊಸೆದು, ಅದು ಯಾರಿಗೂ ತಿಳಿಯದಾದಾಗ “ನೋಡಿ, ಕನ್ನಡ ಕಷ್ಟ” ಎನ್ನುವ ಪಂಡಿತರೂ ಈ ಅನ್ಯಾಯದಲ್ಲಿ ಪಾಲುದಾರರೇ!

ಇನ್ನು ಕಾನೂನಿನ ಕಥೆ ಕೇಳಿ. ಪೊಟ್ಟಣದ ಸರಕುಗಳಿಗೆ ಕೇಂದ್ರ 2011ರಲ್ಲಿ ಮಾಡಿದ ನಿಯಮ ಏನನ್ನುತ್ತದೆ? ಕಡ್ಡಾಯ ವಿವರಗಳು ಹಿಂದಿಯಲ್ಲಿರಲಿ ಅಥವಾ ಇಂಗ್ಲಿಷಿನಲ್ಲಿರಲಿ. ಬೇರೆ ಭಾಷೆಯನ್ನೂ ಸೇರಿಸಿದರೆ ಅಡ್ಡಿಯಿಲ್ಲ. ಅಡ್ಡಿಯಿಲ್ಲವಂತೆ! ನಮ್ಮ ನೆಲದಲ್ಲಿ ನಮ್ಮ ಭಾಷೆಗೆ ಇವರ ಔದಾರ್ಯ! ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಇದೆ. ಕರ್ನಾಟಕದಲ್ಲಿ ತಯಾರಾಗುವ ಸರಕಿನ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು ಅದು ಹೇಳುತ್ತದೆ. ಒಳ್ಳೆಯದು. ಆದರೆ ಹೊರರಾಜ್ಯದಲ್ಲಿ, ಹೊರದೇಶದಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಎಂಜಿನ್ನಿನ ಗತಿ? ನಮ್ಮ ದುಡ್ಡಿಗೆ ಭಾಷೆಯ ಭೇದವಿಲ್ಲ, ನಮ್ಮ ಪ್ರಾಣ ಕಾಯುವ ಪುಸ್ತಕಕ್ಕೆ ಮಾತ್ರ ಉಂಟು!

ಖರ್ಚಿನ ನೆಪವನ್ನಂತೂ ನನ್ನ ಮುಂದೆ ಹೇಳಬೇಡಿ. ನಾನು ಮುದ್ರಣಾಲಯ ನಡೆಸುವವನು. ನಾಲ್ಕು ಪುಟದ ಕನ್ನಡ ಕರಪತ್ರಕ್ಕೆ ಬೀಳುವ ಕಾಗದ, ಪ್ಲೇಟು, ಇಂಕಿನ ಲೆಕ್ಕ ನನಗೆ ಗೊತ್ತು. ಲಕ್ಷಾಂತರ ರೂಪಾಯಿಯ ಎಂಜಿನ್ ಮಾರುವವನಿಗೆ ಅದು ಚಹಾ ಕಾಸು. ಇಲ್ಲದಿರುವುದು ದುಡ್ಡಲ್ಲ, ಕನ್ನಡಿಗ ಕೇಳುತ್ತಾನೆಂಬ ಭಯ!

ಪಟ್ಟಣದ ತರುಣರೇ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಬೋಟುಗಳು ದಡದಲ್ಲಿ ಮಳೆಗೆ ನೆನೆಯುತ್ತ ನಿಲ್ಲುತ್ತವೆ, ಎಂಜಿನ್ ಒಳಗೆ ತೇವ ಕೂಡುತ್ತದೆ. ಆಗಸ್ಟ್ ಮೊದಲ ವಾರ ಅವು ಕಡಲಿಗೆ ಇಳಿಯುವ ಮುನ್ನ, ಮೇಲೆ ಹೇಳಿದ ಪರೀಕ್ಷೆ ಒಂದು ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ, ಪ್ರತಿ ಎಂಜಿನ್ ಕೋಣೆಯ ಗೋಡೆಯ ಮೇಲಿರಬೇಕು. ನಿಮ್ಮಲ್ಲಿ ಎಂಜಿನಿಯರಿಂಗ್ ಓದಿದವರಿದ್ದೀರಿ, ಚಿತ್ರ ಬರೆಯುವವರಿದ್ದೀರಿ. ಬರೆಯಿರಿ. ಬಂದರಿನ ಮೆಕ್ಯಾನಿಕ್ಕಿಗೆ ತೋರಿಸಿ ತಿದ್ದಿಸಿ. ಮೀನುಗಾರಿಕೆ ಇಲಾಖೆಗೂ ಎಂಜಿನ್ ಮಾರುವವರಿಗೂ ಪತ್ರ ಹಾಕಿ: ಕನ್ನಡದ ಪುಸ್ತಕವಿಲ್ಲದೆ ಕರ್ನಾಟಕದಲ್ಲಿ ಎಂಜಿನ್ ಮಾರಬೇಡಿ! ಉತ್ತರ ಬರದಿದ್ದರೆ ಬಾಗಿಲಿಗೇ ಹೋಗಿ ನಿಲ್ಲೋಣ.

ಬೋರ್ಡಿನ ಕನ್ನಡ ನಮ್ಮ ಮಾನ. ಎಂಜಿನ್ ಕೋಣೆಯ ಕನ್ನಡ ನಮ್ಮವರ ಪ್ರಾಣ. ಎರಡನ್ನೂ ಬಿಡಬೇಡಿ!