ಸುತ್ತುಬಟ್ಟೆ ಬಿಡಿಸುವ ಹೊತ್ತು

ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿ, ಮೆತ್ತಗಿನ ಹತ್ತಿಬಟ್ಟೆಯಲ್ಲಿ ಸುತ್ತಿ ಮಲಗಿಸುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ರೂಢಿ. ಹಾಗೆ ಸುತ್ತಿದ ಕೂಸು ನೆಮ್ಮದಿಯಿಂದ ನಿದ್ರಿಸುತ್ತದೆ. ಬಾಣಂತಿಗೂ ಒಂದಿಷ್ಟು ವಿಶ್ರಾಂತಿ ಸಿಗುತ್ತದೆ. ನಲವತ್ತು ಕಳೆದು, ತಾಯಿ ಮಗು ತವರಿನಿಂದ ಮರಳಿದ ಮೇಲೂ ಇದು ಮುಂದುವರಿಯುತ್ತದೆ. ಆದರೆ ಸುತ್ತಲು ಕಲಿಸುವವರು ಮನೆ ತುಂಬ ಇರುತ್ತಾರೆ, ಯಾವಾಗ ಬಿಡಿಸಬೇಕೆಂದು ಹೇಳಿಕೊಡುವವರು ವಿರಳ. ಹಾಗಾಗಿ ನಾಲ್ಕೈದು ತಿಂಗಳಾದರೂ ಸುತ್ತುವುದನ್ನು ನಿಲ್ಲಿಸದ ಮನೆಗಳಿವೆ. ಅಪಾಯ ಇರುವುದು ಅಲ್ಲಿಯೇ.

ಸುತ್ತುವುದರಿಂದ ಮಗು ಏಕೆ ನಿದ್ರಿಸುತ್ತದೆ? ಹುಟ್ಟಿದ ಮಕ್ಕಳು ಸಣ್ಣ ಸದ್ದಿಗೂ ಬೆಚ್ಚಿ ಎರಡೂ ಕೈಗಳನ್ನು ಚಾಚಿ, ಮತ್ತೆ ಎದೆಯತ್ತ ಸೆಳೆದುಕೊಳ್ಳುವುದನ್ನು ನೀವೆಲ್ಲ ನೋಡಿದ್ದೀರಿ. ಅರ್ನ್‌ಸ್ಟ್ ಮೋರೋ ಎಂಬ ಮಕ್ಕಳ ವೈದ್ಯರು 1918ರಲ್ಲಿ ಇದನ್ನು ವಿವರಿಸಿದ್ದರಿಂದ ವೈದ್ಯರು ಇದಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಬಟ್ಟೆ ಸುತ್ತಿದಾಗ ಕೈಗಳು ಹಾರುವುದಿಲ್ಲ, ನಿದ್ದೆಯೂ ಕೆಡುವುದಿಲ್ಲ. ಮೂರು ನಾಲ್ಕು ತಿಂಗಳ ಹೊತ್ತಿಗೆ ಬೆಚ್ಚುವುದು ತಾನಾಗಿ ಕಡಿಮೆಯಾಗುತ್ತಾ ಬಂದು, ಆರು ತಿಂಗಳ ಒಳಗೆ ಸಾಮಾನ್ಯವಾಗಿ ಮಾಯವಾಗುತ್ತದೆ. ಅಂದರೆ ಬಟ್ಟೆಯ ಅಗತ್ಯವೂ ಆಗಲೇ ಮುಗಿಯುತ್ತಾ ಬರುತ್ತದೆ.

ಅದೇ ಸಮಯಕ್ಕೆ ಮಗು ಮಗುಚಲು ಕಲಿಯುತ್ತದೆ. ಕೈ ಬಿಡುವಾಗಿರುವ ಮಗು ಕವುಚಿ ಬಿದ್ದರೆ ಕೈಯೂರಿ ಮುಖವನ್ನು ಎತ್ತಬಲ್ಲದು, ಪಕ್ಕಕ್ಕೆ ತಿರುಗಿಸಬಲ್ಲದು. ಸುತ್ತಿದ ಮಗುವಿಗೆ ಅದು ಕಷ್ಟ. ಮೂಗು ಬಾಯಿ ಹಾಸಿಗೆಗೆ ಒತ್ತಿ ಉಸಿರುಗಟ್ಟಬಹುದು. ಇದು ಸದ್ದಿಲ್ಲದೆ ನಡೆಯುವ ಅನಾಹುತ, ಪಕ್ಕದಲ್ಲೇ ಮಲಗಿದ ತಾಯಿಗೂ ಎಚ್ಚರವಾಗದಿರಬಹುದು. ಆದ್ದರಿಂದಲೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2022ರ ತನ್ನ ಸಲಹೆಯಲ್ಲಿ, ಸುತ್ತಿದ ಮಗುವನ್ನು ಸದಾ ಅಂಗಾತವೇ ಮಲಗಿಸಬೇಕು, ಮಗುಚುವ ಪ್ರಯತ್ನದ ಸೂಚನೆ ಕಂಡೊಡನೆ ಸುತ್ತುವುದನ್ನು ನಿಲ್ಲಿಸಬೇಕು ಎಂದಿದೆ. ಸಾಮಾನ್ಯವಾಗಿ ಇದು ಮೂರು ನಾಲ್ಕು ತಿಂಗಳಲ್ಲಿ ಕಾಣುತ್ತದೆ, ಕೆಲವು ಮಕ್ಕಳಲ್ಲಿ ಇನ್ನೂ ಮೊದಲೇ. ಮಗು ಸೊಂಟ ತಿರುಗಿಸುವುದು, ಒಂದು ಬದಿಗೆ ವಾಲುವುದು, ಬಟ್ಟೆಯಿಂದ ಕೈ ಬಿಡಿಸಿಕೊಳ್ಳಲು ಹೆಣಗುವುದು ಕಂಡರೆ ಸಮಯ ಬಂದಿತೆಂದು ತಿಳಿಯಿರಿ. ಪೂರ್ತಿ ಮಗುಚುವವರೆಗೆ ಕಾಯಬೇಡಿ. ಮೊದಲ ಸಲ ಅದು ನಡುರಾತ್ರಿಯಲ್ಲೇ ಮಗುಚಬಹುದು!

ಆದರೆ ಒಮ್ಮೆಲೇ ಬಿಟ್ಟರೆ ಮಗು ಅಳುವುದಿಲ್ಲವೇ ಎಂದು ಕೇಳಬಹುದು. ಸ್ವಲ್ಪ ಅಳಬಹುದು. ಮಗುಚುವ ಸೂಚನೆ ಇನ್ನೂ ಕಾಣದಿದ್ದರೆ, ಎರಡೂವರೆ ಮೂರು ತಿಂಗಳಿನಿಂದಲೇ ಹಂತ ಹಂತವಾಗಿ ಅಭ್ಯಾಸ ಮಾಡಿಸಿ. ಮೊದಲ ಮೂರು ನಾಲ್ಕು ರಾತ್ರಿ ಒಂದು ಕೈಯನ್ನು ಹೊರಗಿಟ್ಟು ಉಳಿದ ಮೈಗೆ ಸುತ್ತಿ. ಅದು ರೂಢಿಯಾದ ಮೇಲೆ ಎರಡೂ ಕೈಗಳನ್ನು ಹೊರಗಿಟ್ಟು, ಕಂಕುಳ ಕೆಳಗೆ ಎದೆಯ ಸುತ್ತ ಮಾತ್ರ ಬಟ್ಟೆ ಇರಲಿ. ಇನ್ನು ಕೆಲವು ದಿನಗಳಲ್ಲಿ ಅದನ್ನೂ ತೆಗೆದುಬಿಡಿ. ಹಗಲಿನ ಒಂದು ನಿದ್ದೆಯಿಂದ ಆರಂಭಿಸಿದರೆ ಹೆಚ್ಚು ಸುಲಭ. ಈ ನಡುವೆ ಮಗುಚಲು ಶುರು ಮಾಡಿದರೆ ಮಾತ್ರ ಹಂತಗಳಿಗೆ ಕಾಯದೆ ಅಂದೇ ಬಿಡಿಸಿ.

ಬಟ್ಟೆ ಬಿಟ್ಟರೂ ಉಳಿದ ಕ್ರಮ ಬದಲಾಗದಿರಲಿ. ಬೆಚ್ಚಗಿನ ನೀರಿನಲ್ಲಿ ಮೈ ಒರೆಸುವುದು, ಹಾಲೂಡಿಸುವುದು, ದೀಪ ಮಂದ ಮಾಡುವುದು, ಅದೇ ಜೋಗುಳ. ಇವೆಲ್ಲ ದಿನವೂ ಒಂದೇ ರೀತಿ ನಡೆದರೆ ಮಗು ಇದು ನಿದ್ದೆಯ ಹೊತ್ತೆಂದು ಗುರುತಿಸುತ್ತದೆ. ಬೆಚ್ಚಿದಾಗ ತಕ್ಷಣ ಎತ್ತಿಕೊಳ್ಳದೆ, ಎದೆಯ ಮೇಲೆ ಮೆತ್ತಗೆ ಅಂಗೈ ಇಟ್ಟು ನೋಡಿ. ಮಗು ತನ್ನ ಕೈಯನ್ನೇ ಚೀಪಿಕೊಂಡು ಸಮಾಧಾನವಾಗುವುದನ್ನೂ ಕಲಿಯುತ್ತದೆ, ಅದನ್ನು ತಡೆಯಬೇಡಿ. ಸೆಖೆಯ ದಿನಗಳಲ್ಲಿ ತೆಳು ಹತ್ತಿಯ ಅಂಗಿ ಸಾಕು. ಚಳಿ ಇದ್ದರೆ ತುಂಬುತೋಳಿನ ಅಂಗಿ ಹಾಕಿ, ಸಡಿಲವಾದ ಹೊದಿಕೆ ಮತ್ತು ದಿಂಬು ಬೇಡ. ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಲಿ. ಸೀರೆ ಕಟ್ಟಿದ ಜೋಳಿಗೆ ತೊಟ್ಟಿಲು ನಿದ್ದೆಗೆ ತಕ್ಕ ಜಾಗವಲ್ಲ, ಮಗುಚುವ ಮಗುವಿಗಂತೂ ಬೇಡವೇ ಬೇಡ.

'ಬಿಗಿಯಾಗಿ ಸುತ್ತದಿದ್ದರೆ ಕಾಲು ಸೊಟ್ಟಗಾಗುತ್ತದೆ' ಎಂಬ ಮಾತು ಹಲವು ಮನೆಗಳಲ್ಲಿದೆ. ಹುಟ್ಟಿದ ಮಗುವಿನ ಕಾಲು ಸಹಜವಾಗಿಯೇ ಸ್ವಲ್ಪ ಬಾಗಿರುತ್ತದೆ, ಬೆಳೆದಂತೆ ತಾನಾಗಿ ನೆಟ್ಟಗಾಗುತ್ತದೆ. ಎಳೆಯ ಕಾಲುಗಳನ್ನು ನೀಳವಾಗಿ ಜೋಡಿಸಿ ಬಿಗಿದರೆ ಸೊಂಟದ ಕೀಲು ಜಾರುವ ಸಾಧ್ಯತೆ ಹೆಚ್ಚುತ್ತದೆ. ಜಪಾನಿನಲ್ಲಿ 1975ರ ಸುಮಾರಿಗೆ ಇಂತಹ ರೂಢಿಯನ್ನು ಬಿಡಿಸಲು ದೇಶವ್ಯಾಪಿ ಪ್ರಚಾರ ನಡೆದ ಬಳಿಕ ಮಕ್ಕಳ ಸೊಂಟದ ಕೀಲು ಜಾರುವ ಪ್ರಕರಣಗಳು ಬಹಳ ಇಳಿದವು. ಆದ್ದರಿಂದ ಸುತ್ತುವ ದಿನಗಳಲ್ಲೂ ಸೊಂಟದ ಕೆಳಗೆ ಸಡಿಲವಾಗಿರಲಿ, ಮಗು ಮಂಡಿ ಮಡಚಿ ಕಾಲನ್ನು ಹೊರಕ್ಕೆ ಚಾಚುವಂತಿರಲಿ. ಅವಧಿಗೆ ಮೊದಲೇ ಹುಟ್ಟಿದ ಅಥವಾ ಸೊಂಟದ ತೊಂದರೆಯಿರುವ ಮಗುವಿನ ವಿಷಯದಲ್ಲಿ ಮಕ್ಕಳ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಈ ಕೆಲವು ರಾತ್ರಿಗಳು ತಾಯಿಗೆ ಎರಡು ರೀತಿಯಲ್ಲಿ ಕಠಿಣ. ಒಂದು, ನಿದ್ದೆಯಿಲ್ಲದ ಆಯಾಸ. ಇನ್ನೊಂದು, 'ಸುಮ್ಮನೆ ಮಲಗುತ್ತಿದ್ದ ಮಗುವನ್ನು ಅಳಿಸುತ್ತಿದ್ದಾಳೆ' ಎಂಬ ಮಾತು. ಮೊದಲನೆಯದಕ್ಕೆ ಗಂಡ ನೆರವಾಗಬೇಕು. ನಡುರಾತ್ರಿ ಹಾಲು ಕುಡಿದ ಮಗುವನ್ನು ಮತ್ತೆ ಮಲಗಿಸುವ ಕೆಲಸವನ್ನು ಒಂದು ವಾರ ಅವರು ವಹಿಸಿಕೊಂಡರೆ ಹೆಂಡತಿಗೆ ಎಷ್ಟೋ ಹಗುರ. ಎರಡನೆಯದಕ್ಕೆ ಮನೆಯ ಹಿರಿಯರು ದೊಡ್ಡ ಮನಸ್ಸು ಮಾಡಬೇಕು. ಸೊಸೆಯರೂ ಅತ್ತೆಯೊಂದಿಗೆ ವಾದಕ್ಕಿಳಿಯುವ ಬದಲು, ಮುಂದಿನ ಲಸಿಕೆಯ ದಿನ ಅವರನ್ನೂ ಜೊತೆಗೆ ಕರೆದೊಯ್ದು, ವೈದ್ಯರ ಬಾಯಿಂದಲೇ ಕೇಳುವಂತೆ ಮಾಡಲಿ. ಮೊಮ್ಮಗುವಿನ ಉಸಿರಿನ ವಿಷಯವೆಂದು ತಿಳಿದ ಮೇಲೆ ಹಟ ಹಿಡಿಯುವ ಅಜ್ಜಿ ಅಪರೂಪ.

ಹೆಚ್ಚಿನ ಮಕ್ಕಳು ಒಂದೆರಡು ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಅಲ್ಲಿಯವರೆಗೆ ನಿದ್ದೆ ಕೆಟ್ಟರೂ ಚಿಂತೆಯಿಲ್ಲ, ಬಟ್ಟೆ ಮತ್ತೆ ಸುತ್ತಬೇಡಿ. ಅದನ್ನು ಒಗೆದು ಮಡಚಿಡಿ. ಮುಂದೆ ಮನೆಗೆ ಬರುವ ಇನ್ನೊಂದು ಕೂಸಿನ ಮೊದಲ ದಿನಗಳಿಗೆ ಅದು ಬೇಕಾಗಬಹುದು.